ನಿಂತ ಗಾಡಿಗೆ ಇಲಿಯ ಕಾಟ

ಮುಂಬಯಿಯಲ್ಲಿ ಎಲ್ಲವೂ ಓಡುತ್ತಲೇ ಇರುತ್ತದೆಂದು ಊರಿನವರು ತಿಳಿದಿರುತ್ತಾರೆ. ಲೋಕಲ್ ಗಾಡಿ ಓಡುತ್ತದೆ, ಬಸ್ಸು ಓಡುತ್ತದೆ, ರಿಕ್ಷಾ ಓಡುತ್ತದೆ. ಅವುಗಳನ್ನು ಹಿಡಿಯಲು ಮನುಷ್ಯನೂ ಓಡುತ್ತಾನೆ. ಆದರೆ ಓಡುವ ಗಾಡಿಯೂ ಒಮ್ಮೊಮ್ಮೆ ನಿಲ್ಲಬೇಕಾಗುತ್ತದೆ. ಮಾಲೀಕನು ಕಾಯಿಲೆ ಬಿದ್ದಾಗ, ಬೇಸಗೆಯ ರಜೆಯಲ್ಲಿ ಕುಟುಂಬವು ಊರಿಗೆ ಹೊರಟಾಗ, ಮಳೆಗಾಲದಲ್ಲಿ ರಸ್ತೆಗಳು ನೀರಿನಲ್ಲಿ ಮುಳುಗಿದಾಗ ಗಾಡಿಯು ಗಲ್ಲಿಯ ಮೂಲೆಯಲ್ಲಿಯೋ ಕಟ್ಟಡದ ಅಂಗಳದಲ್ಲಿಯೋ ದಿನಗಟ್ಟಲೆ ನಿಂತಿರುತ್ತದೆ. ಹಾಗೆ ನಿಂತ ಗಾಡಿಯೊಳಗೆ ಕರೆಯದೆ ಬರುವ ಅತಿಥಿಯೊಂದುಂಟು. ಅದುವೇ ಇಲಿ. ಈ ಅತಿಥಿಯ ಸ್ವಭಾವವೇನು, ಅದು ಗಾಡಿಯನ್ನು ಏಕೆ ಕೆಡಿಸುತ್ತದೆ, ಅದನ್ನು ದೂರವಿಡುವ ಉಪಾಯಗಳಾವುವು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಇದು ಶ್ರೀಮಂತರ ಮೋಟಾರಿನ ಚಿಂತೆ, ನಮಗೇಕೆ ಎಂದು ವಿದ್ಯಾರ್ಥಿಗಳು ಭಾವಿಸಬಾರದು. ನಮ್ಮ ಕನ್ನಡ ಶಾಲೆಗಳಿಗೆ ಬರುವ ಮಕ್ಕಳ ಮನೆಗಳಲ್ಲಿ ರಿಕ್ಷಾ ಓಡಿಸಿ ಹೊಟ್ಟೆ ಹೊರೆಯುವವರಿದ್ದಾರೆ, ಟೆಂಪೋ ಇಟ್ಟುಕೊಂಡವರಿದ್ದಾರೆ, ಸ್ಕೂಟರಿನ ಮೇಲೆ ಇಡ್ಲಿಯ ಡಬ್ಬಿ ಕಟ್ಟಿಕೊಂಡು ಮನೆಮನೆಗೆ ಹೋಗುವವರಿದ್ದಾರೆ. ಇನ್ನು ಕೆಲವರಿಗೆ ವಿಜಯಪುರ, ಕಲಬುರಗಿ, ಉಡುಪಿಗಳ ಕಡೆ ಎರಡೆಕರೆ ಹೊಲವೋ ಗದ್ದೆಯೋ ಇದ್ದು, ಅಲ್ಲಿ ನೀರೆತ್ತುವ ಪಂಪ್‌ಸೆಟ್ಟು, ಔಷಧಿ ಸಿಂಪಡಿಸುವ ಯಂತ್ರ, ಟಿಲ್ಲರ್ ಮುಂತಾದುವು ವರ್ಷದ ಬಹುಪಾಲು ಬೀಗದೊಳಗೇ ಇರುತ್ತವೆ. ಶ್ರೀಮಂತನ ಮೋಟಾರು ಕೆಟ್ಟರೆ ಆತನು ಬೇರೊಂದು ಗಾಡಿ ಹಿಡಿದು ಹೋದಾನು. ರಿಕ್ಷಾದ ಒಂದು ತಂತಿ ತುಂಡಾದರೆ ಆ ದಿನದ ಸಂಪಾದನೆಯೇ ತಪ್ಪಿತು. ಮೆಕ್ಯಾನಿಕನ ಕೂಲಿ ಬೇರೆ ಬಿತ್ತು. ಸಾಲದ ಕಂತು ಮಾತ್ರ ತಪ್ಪಲಿಲ್ಲ. ಬಿತ್ತನೆಯ ಹದ ಬಂದ ದಿನ ಯಂತ್ರವು ಚಾಲೂ ಆಗದಿದ್ದರೆ ಹದ ಕಾಯುವುದಿಲ್ಲ. ಆದುದರಿಂದ ಈ ವಿಷಯವು ನಮ್ಮೆಲ್ಲರದೂ ಆಗಿದೆ.

ಮೊದಲು ಶತ್ರುವನ್ನು ಗುರುತಿಸುವುದು ಯುಕ್ತ. ನಮ್ಮ ನಗರದಲ್ಲಿ ಇಲಿ ಎಂದು ಕರೆಯಲ್ಪಡುವ ಪ್ರಾಣಿ ಒಂದೇ ಜಾತಿಯದಲ್ಲ. ಮಾಡು, ತೊಲೆ, ತಂತಿಗಳ ಮೇಲೆ ಸರಸರನೆ ಹತ್ತಿ ಓಡಾಡುವ, ದೇಹಕ್ಕಿಂತ ಉದ್ದವಾದ ಬಾಲವುಳ್ಳ ಕಪ್ಪಿಲಿ ಒಂದು. ಗಟಾರಗಳಲ್ಲಿಯೂ ಬಂದರಿನ ಗೋದಾಮುಗಳಲ್ಲಿಯೂ ಬಿಲ ತೋಡಿ ಬಾಳುವ, ದಪ್ಪ ಮೈಯ, ಮೋಟು ಬಾಲದ ಕಂದಿಲಿ ಇನ್ನೊಂದು. ನೆಲವನ್ನು ಅಗೆದು ಮಣ್ಣಿನ ಗುಡ್ಡೆ ಹಾಕುವ ಹೆಗ್ಗಣ ಮೂರನೆಯದು. ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿರುವ ‘ಬ್ಯಾಂಡಿಕೂಟ್’ ಎಂಬ ಹೆಸರು ‘ಹಂದಿಯಿಲಿ’ ಎಂಬರ್ಥದ ‘ಪಂದಿಕೊಕ್ಕು’ ಎಂಬ ತೆಲುಗು ಪದದಿಂದ ಹುಟ್ಟಿತು. ಹೆಬ್ಬೆರಳಿನಷ್ಟೇ ಇರುವ ಮನೆಯ ಚಿಕ್ಕಿಲಿ ನಾಲ್ಕನೆಯದು. ಸಂಜೆಯ ಹೊತ್ತು ಗೋಡೆಯ ಬುಡದಲ್ಲಿ ಚಿಂವ್ ಚಿಂವ್ ಎನ್ನುತ್ತ ಹೋಗುವ, ಉದ್ದ ಮೂತಿಯ, ದುರ್ನಾತದ ಸೊಂಡಿಲಿಯನ್ನು ಇಲ್ಲಿಯ ಜನರು ‘ಚಿಚುಂದ್ರಿ’ ಎನ್ನುತ್ತಾರೆ. ಅದು ಈ ಕುಲಕ್ಕೆ ಸೇರಿದುದೇ ಅಲ್ಲ. ಅದು ಜಿರಲೆ ಮೊದಲಾದ ಹುಳುಗಳನ್ನು ತಿಂದು ಬದುಕುವ ಪ್ರಾಣಿ. ತಂತಿ ಕಡಿದ ಅಪರಾಧಕ್ಕೆ ಅದನ್ನು ಹೊಡೆಯುವುದು ಅನ್ಯಾಯ.

ಇಲಿಯು ಕಡಿಯುವುದೇಕೆ? ಹಸಿವಿನಿಂದಲೇ ಎಂದು ಅನೇಕರು ಉತ್ತರ ಕೊಟ್ಟಾರು. ಅದು ಅರ್ಧ ಸತ್ಯ. ಇಲಿಯ ಬಾಯಿಯ ಮುಂಭಾಗದಲ್ಲಿ ಮೇಲೆ ಎರಡು, ಕೆಳಗೆ ಎರಡು ಬಾಚಿಹಲ್ಲುಗಳಿವೆ. ನಮ್ಮ ಹಲ್ಲುಗಳು ಒಂದು ಮಟ್ಟಕ್ಕೆ ಬೆಳೆದು ನಿಲ್ಲುತ್ತವೆ. ಇಲಿಯ ಬಾಚಿಹಲ್ಲುಗಳಾದರೋ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಸವೆಯದಿದ್ದರೆ ಅವು ವರ್ಷಕ್ಕೆ ೧೦ ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಾವು. ಬೆಳೆದ ಹಲ್ಲು ಬಾಗಿ ಬಾಯಿಯನ್ನೇ ಮುಚ್ಚಿದರೆ ಪ್ರಾಣಿಯು ಉಪವಾಸದಿಂದ ಸಾಯಬೇಕಾಗುತ್ತದೆ. ಆದುದರಿಂದ ಕಡಿಯುವುದು ಇಲಿಗೆ ಚೇಷ್ಟೆಯಲ್ಲ, ಬಾಳಿನ ಅವಶ್ಯಕತೆ. ಇದರ ಜೊತೆಗೆ ಪ್ರಕೃತಿಯು ಈ ಹಲ್ಲಿಗೆ ಇನ್ನೊಂದು ಗುಣವನ್ನು ಕೊಟ್ಟಿದೆ. ಹಲ್ಲಿನ ಮುಂಭಾಗಕ್ಕೆ ಮಾತ್ರ ಗಟ್ಟಿಯಾದ ದಂತಕವಚವಿದ್ದು, ಹಿಂಭಾಗವು ಮೆದುವಾಗಿದೆ. ಮೆದುಭಾಗವು ಬೇಗ ಸವೆಯುವುದರಿಂದ ಮುಂದಿನ ಅಂಚು ಬಡಗಿಯ ಉಳಿಯಂತೆ ತಾನಾಗಿಯೇ ಹರಿತಗೊಳ್ಳುತ್ತದೆ. ಬಡಗಿಯು ತನ್ನ ಉಳಿಯನ್ನು ಸಾಣೆಕಲ್ಲಿಗೆ ಉಜ್ಜಬೇಕು. ಇಲಿಗೆ ಕಡಿಯುವ ಕೆಲಸವೇ ಸಾಣೆ. ಮರ, ಪ್ಲಾಸ್ಟಿಕ್, ರಬ್ಬರ್, ಸೀಸ, ಅಲ್ಯೂಮಿನಿಯಂ ಇವು ಯಾವುವೂ ಈ ಹಲ್ಲಿಗೆ ತಡೆಯಾಗವು. ಗಟ್ಟಿಯಾದ ಉಕ್ಕಿನ ಮುಂದೆ ಮಾತ್ರ ಅದು ಸೋಲುತ್ತದೆ. ಈ ಕೊನೆಯ ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಉಪಯೋಗಕ್ಕೆ ಬರುವುದು.

ಕಡಿಯಲು ಲೋಕದಲ್ಲಿ ಬೇಕಾದಷ್ಟು ವಸ್ತುಗಳಿರುವಾಗ ಗಾಡಿಯನ್ನೇ ಏಕೆ ಆರಿಸಬೇಕು? ಇದಕ್ಕೆ ಮೂರು ಕಾರಣಗಳಿವೆ. ಒಂದನೆಯದು ಬೆಚ್ಚಗಿನ ಆಶ್ರಯ. ಓಡಿ ಬಂದು ನಿಂತ ಗಾಡಿಯ ಎಂಜಿನು ಬಹಳ ಹೊತ್ತು ಬಿಸಿಯಾಗಿರುತ್ತದೆ. ಬಾನೆಟ್ಟಿನ ಕೆಳಗೆ ಕತ್ತಲೆ ಇದೆ, ಮಳೆ ಇಲ್ಲ, ನಾಯಿ ಬೆಕ್ಕುಗಳ ಕಾಟವಿಲ್ಲ. ಎರಡನೆಯದು ಗೂಡಿನ ಸಾಮಗ್ರಿ. ಸದ್ದು ಮತ್ತು ಶಾಖವನ್ನು ತಡೆಯಲು ಬಾನೆಟ್ಟಿನ ಒಳಗೆ ಹಾಕಿರುವ ಹತ್ತಿಯಂತಹ ಹಾಸು, ಸೀಟಿನೊಳಗಿನ ಸ್ಪಂಜು, ಗಾಳಿ ಸೋಸುವ ಕಾಗದ, ಇವೆಲ್ಲ ಮರಿ ಹಾಕಲು ಒಳ್ಳೆಯ ಹಾಸಿಗೆ. ಮೂರನೆಯದು ನಾವೇ ಬಿಟ್ಟ ಅನ್ನ. ಸೀಟಿನ ಸಂದಿಯಲ್ಲಿ ಬಿದ್ದ ಬಿಸ್ಕತ್ತಿನ ಚೂರು, ವಡಾಪಾವಿನ ಕಾಗದ, ಶೇಂಗಾದ ಸಿಪ್ಪೆ, ಇವುಗಳ ವಾಸನೆಯು ಇಲಿಯನ್ನು ಕರೆದು ತರುತ್ತದೆ. ಒಳಗೆ ಬಂದಮೇಲೆ ಹಲ್ಲು ಸುಮ್ಮನಿರುವುದಿಲ್ಲ. ಸಿಕ್ಕಿದ ತಂತಿಯನ್ನು ಕಡಿಯುತ್ತದೆ.

ಹಿಂದಿನ ಕಾಲದ ಮೋಟಾರಿನಲ್ಲಿ ಬೆರಳೆಣಿಕೆಯಷ್ಟು ತಂತಿಗಳಿದ್ದುವು. ಒಂದು ತುಂಡಾದರೆ ಒಂದು ದೀಪ ಆರುತ್ತಿತ್ತು, ಗಾಡಿ ಹೇಗೋ ಮನೆ ಸೇರುತ್ತಿತ್ತು. ಈಗಿನ ಗಾಡಿಗಳಲ್ಲಿ ಇಂಧನವನ್ನು ಅಳೆಯುವುದೂ ಕಿಡಿ ಹೊತ್ತಿಸುವುದೂ ಚಿಕ್ಕದೊಂದು ಗಣಕಯಂತ್ರದ ಅಧೀನದಲ್ಲಿವೆ. ಆ ಯಂತ್ರಕ್ಕೆ ಸುದ್ದಿ ಒಯ್ಯುವ ಕೂದಲಿನಂತಹ ತಂತಿಯೊಂದು ತುಂಡಾದರೂ ಗಾಡಿಯು ಚಾಲೂ ಆಗದೆ ನಿಲ್ಲಬಹುದು. ಇದು ಹಣದ ನಷ್ಟವಾಯಿತು. ಪ್ರಾಣಕ್ಕೆ ಅಪಾಯವಾಗುವ ಸಂದರ್ಭವೂ ಉಂಟು. ಇಂಧನವನ್ನು ಒಯ್ಯುವ ರಬ್ಬರಿನ ನಳಿಗೆಯನ್ನು ಇಲಿಯು ಕಡಿದಿದ್ದರೆ ಪೆಟ್ರೋಲು ತೊಟ್ಟಿಕ್ಕುತ್ತದೆ; ಸಿಪ್ಪೆ ಕಳಚಿದ ಎರಡು ತಂತಿಗಳು ತಾಗಿದರೆ ಕಿಡಿ ಹಾರುತ್ತದೆ. ಇವೆರಡೂ ಒಂದೆಡೆ ಸೇರಿದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಗಾಡಿ ನಿಂತಷ್ಟೂ ಇಲಿಗೆ ಅನುಕೂಲವೆಂಬುದನ್ನು ೨೦೨೦ನೆಯ ಇಸವಿಯು ಲೋಕಕ್ಕೆಲ್ಲ ತೋರಿಸಿತು. ಆ ವರ್ಷ ಮಾರ್ಚ್ ೨೫ರಿಂದ ಕೊರೋನಾ ಸಾಂಕ್ರಾಮಿಕದ ನಿಮಿತ್ತ ದೇಶವೆಲ್ಲ ಮುಚ್ಚಲ್ಪಟ್ಟಿತು. ಮುಂಬಯಿಯ ರಿಕ್ಷಾ ಟ್ಯಾಕ್ಸಿಗಳು ವಾರಗಟ್ಟಲೆ ಇದ್ದಲ್ಲಿಯೇ ನಿಂತುವು. ಓಡಿಸುವವರಲ್ಲಿ ಎಷ್ಟೋ ಮಂದಿ ಊರು ಸೇರಿದರು. ಹೋಟೆಲುಗಳು ಮುಚ್ಚಿ ಎಂಜಲು ಸಿಗದಂತಾದಾಗ ಇಲಿಗಳು ಹಸಿದು ಹೊಸ ಜಾಗಗಳಿಗೆ ನುಗ್ಗುವುವೆಂದು ಅಮೆರಿಕದ ಆರೋಗ್ಯ ಇಲಾಖೆಯು ಆ ಬೇಸಗೆಯಲ್ಲಿಯೇ ಎಚ್ಚರಿಕೆ ಕೊಟ್ಟಿತ್ತು. ಗಾಡಿಗಳನ್ನು ಮತ್ತೆ ಹೊರತೆಗೆದಾಗ ತಂತಿಗಳು ತುಂಡಾಗಿರುವುದನ್ನೂ ಸೀಟಿನೊಳಗೆ ಗೂಡು ಇರುವುದನ್ನೂ ಅನೇಕರು ಕಂಡರು. ಹಲವು ತಿಂಗಳು ದುಡಿಮೆಯಿಲ್ಲದ ಮನೆಗಳಿಗೆ ರಿಪೇರಿಯ ಖರ್ಚು ಮೊದಲ ಸಂಪಾದನೆಗಿಂತ ಮುಂಚೆಯೇ ಬಂದಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಇಲಿಯ ಗರ್ಭಾವಧಿಯು ಸುಮಾರು ೨೨ ದಿನ. ಒಂದು ಸೂಲಿನಲ್ಲಿ ೬ರಿಂದ ೧೨ ಮರಿಗಳಾಗುವುದುಂಟು. ನಾವು ೮ ಎಂದೇ ಹಿಡಿಯೋಣ. ಹೆತ್ತ ಒಂದೆರಡು ದಿನಗಳಲ್ಲಿಯೇ ಹೆಣ್ಣಿಲಿಯು ಮತ್ತೆ ಗರ್ಭ ಧರಿಸಬಲ್ಲುದು. ಏಪ್ರಿಲ್ ಕೊನೆಗೆ ಗಾಡಿಗೆ ಬೀಗ ಹಾಕಿ ಊರಿಗೆ ಹೋದ ಕುಟುಂಬವು ಜೂನ್ ಮಧ್ಯದಲ್ಲಿ, ಎಂದರೆ ಸುಮಾರು ೪೫ ದಿನಗಳ ಮೇಲೆ ಹಿಂದಿರುಗಿತೆನ್ನಿ. ಹೋಗುವಾಗ ಒಳಗೆ ಸೇರಿದ ಒಂದು ಜೋಡಿಯು ಅಷ್ಟರಲ್ಲಿ ಎರಡು ಸೂಲು ಹೆತ್ತು ೧೮ ಆಗಿರಬಹುದು. ಮೊದಲ ಸೂಲಿನ ಮರಿಗಳು ಹುಟ್ಟಿದ ಎರಡು ಮೂರು ತಿಂಗಳಲ್ಲಿ ತಾವೂ ಹೆರತೊಡಗುತ್ತವೆ. ಎಲ್ಲ ಮರಿಗಳೂ ಉಳಿಯುವುದಿಲ್ಲ, ನಿಜ. ಆದರೂ ಒಂದು ಜೋಡಿಯನ್ನು ಬಾಗಿಲಲ್ಲಿಯೇ ತಡೆಯುವುದು ಹದಿನೆಂಟನ್ನು ಹೊಡೆಯುವುದಕ್ಕಿಂತ ಸುಲಭವೆಂಬುದು ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಇಲಿಯನ್ನು ಅಲಕ್ಷ್ಯ ಮಾಡಿದರೆ ಏನಾಗುವುದೆಂಬುದಕ್ಕೆ ಈ ನಗರದ ಚರಿತ್ರೆಯೇ ಸಾಕ್ಷಿ. ೧೮೯೬ರ ಸೆಪ್ಟೆಂಬರಿನಲ್ಲಿ ಬಂದರಿನ ಬಳಿಯ ಮಾಂಡವಿ ವಿಭಾಗದಲ್ಲಿ ಡಾಕ್ಟರ್ ಅಕಾಸಿಯೊ ವಿಯೇಗಾಸ್ ಎಂಬ ವೈದ್ಯರು ರೋಗಿಗಳನ್ನು ಪರೀಕ್ಷಿಸಿ, ಇದು ಪ್ಲೇಗು ಎಂದು ಸಾರಿದರು. ಜನರು ಹೆದರಿ ಲಕ್ಷಗಟ್ಟಲೆ ಊರು ಬಿಟ್ಟು ಓಡಿದರು. ರೋಗವೂ ರೈಲಿನೊಡನೆ ಪ್ರಯಾಣ ಮಾಡಿತು. ೧೮೯೮ರಲ್ಲಿ ಅದು ಬೆಂಗಳೂರನ್ನು ಮುಟ್ಟಿತು. ಅಲ್ಲಿ ಜನಸಂದಣಿಯನ್ನು ತಗ್ಗಿಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದುದು ಆ ರೋಗದ ಫಲವಾಗಿ. ಪ್ಲೇಗಿನ ಮಾರಮ್ಮನ ಗುಡಿಗಳು ಕನ್ನಡ ನಾಡಿನಲ್ಲಿ ಇಂದಿಗೂ ಇವೆ. ಮುಂಬಯಿಗೆ ಬಂದ ಹಾಫ್‌ಕಿನ್ ಎಂಬ ವಿಜ್ಞಾನಿಯು ಪ್ಲೇಗಿನ ಲಸಿಕೆಯನ್ನು ತಯಾರಿಸಿ, ೧೮೯೭ರ ಜನವರಿ ೧೦ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದನು. ಪರಳಿನಲ್ಲಿರುವ ಸಂಸ್ಥೆಯು ೧೯೨೫ರಿಂದ ಆತನ ಹೆಸರನ್ನೇ ಹೊತ್ತಿದೆ. ರೋಗವು ಇಲಿಯಿಂದ ಮನುಷ್ಯನಿಗೆ ದಾಟುವುದು ಇಲಿಯ ಮೈಮೇಲಿನ ಚಿಗಟದ ಮೂಲಕವೆಂಬುದನ್ನು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯನು ೧೮೯೮ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದನು. ಇಲಿಯು ಹಡಗಿನಲ್ಲಿ ಬಂದಿತು, ಗೋದಾಮಿನಲ್ಲಿ ಬೆಳೆಯಿತು, ಸರಕಿನೊಡನೆ ಊರೂರಿಗೆ ಹೋಯಿತು. ವಾಹನಕ್ಕೂ ಇಲಿಗೂ ಇರುವ ನಂಟು ಹೊಸದಲ್ಲ.

ಈಗ ನಮ್ಮ ನಗರದಲ್ಲಿ ಪ್ಲೇಗಿನ ಭಯವಿಲ್ಲ. ಆದರೆ ಮಳೆಗಾಲದಲ್ಲಿ ಇಲಿಜ್ವರದ ಭಯವಿದೆ. ಇದನ್ನು ವೈದ್ಯರು ಲೆಪ್ಟೋಸ್ಪೈರೋಸಿಸ್ ಎನ್ನುತ್ತಾರೆ. ಇಲಿಯ ಮೂತ್ರದಲ್ಲಿರುವ ರೋಗಾಣುಗಳು ನೆರೆಯ ನೀರಿನಲ್ಲಿ ಬೆರೆತು, ಕಾಲಿನ ಚಿಕ್ಕ ಗಾಯದ ಮೂಲಕ ಮೈಯನ್ನು ಸೇರುತ್ತವೆ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಸಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಬಿದ್ದು ನಗರವು ಮುಳುಗಿದ ಮೇಲೆ ಈ ರೋಗವು ಹರಡಿ ಅನೇಕರನ್ನು ಬಲಿ ತೆಗೆದುಕೊಂಡಿತು. ಕಾಲಿಗೆ ಗಾಯವಿದ್ದು ಅಂತಹ ನೀರಿನಲ್ಲಿ ನಡೆದವರು ೭೨ ಗಂಟೆಗಳೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಔಷಧವನ್ನು ತೆಗೆದುಕೊಳ್ಳಬೇಕೆಂದು ನಗರಪಾಲಿಕೆಯು ಮಳೆಗಾಲದಲ್ಲಿ ತಿಳಿಸುತ್ತದೆ. ಇಲಿಯು ವಾಸ ಮಾಡಿದ ಗಾಡಿಯನ್ನು ಬರಿಗೈಯಲ್ಲಿ ಗುಡಿಸುವುದೂ ಇದೇ ಕಾರಣದಿಂದ ಅಪಾಯಕರವಾದುದು.

ಇನ್ನು ಉಪಾಯಗಳ ವಿಚಾರ. ನಮ್ಮ ಹಿರಿಯರಿಗೆ ಇದರ ಮೂಲತತ್ವವು ಚೆನ್ನಾಗಿ ತಿಳಿದಿತ್ತು. ಇಲಿಗೆ ತಿನ್ನಲು ಸಿಗಬಾರದು, ಅಡಗಲು ಸಿಗಬಾರದು, ಹತ್ತಲು ದಾರಿ ಸಿಗಬಾರದು. ಒಕ್ಕಲಿಗನು ಸುಗ್ಗಿ ಮುಗಿದ ಮೇಲೆ ಕೂರಿಗೆ ಕುಂಟೆಗಳನ್ನು ನೆಲದ ಮೇಲೆ ಬಿಡದೆ, ಮಿಣಿ ಬಾರುಗಳನ್ನು ಜಂತಿಗೆ ತೂಗಹಾಕುತ್ತಿದ್ದನು. ಚರ್ಮದ ಬಾರೆಂದರೆ ಇಲಿಗೆ ಹಬ್ಬದೂಟ. ಕರಾವಳಿಯಲ್ಲಿ ತೆಂಗಿನ ಮರದ ನಡುವಿಗೆ ತಗಡಿನ ಪಟ್ಟಿ ಸುತ್ತುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನುಣುಪಾದ ತಗಡಿನ ಮೇಲೆ ಇಲಿಯ ಉಗುರು ಹಿಡಿಯುವುದಿಲ್ಲ; ಅದು ಜಾರಿ ಕೆಳಗೆ ಬೀಳುತ್ತದೆ. ಬಂದರಿನಲ್ಲಿ ಹಡಗನ್ನು ಕಟ್ಟಿದ ಹಗ್ಗಗಳಿಗೆ ದೊಡ್ಡ ತಟ್ಟೆಯಂತಹ ಲೋಹದ ಬಿಲ್ಲೆಗಳನ್ನು ಸಿಕ್ಕಿಸುವುದೂ ಇದೇ ತತ್ವದಿಂದ. ಹಗ್ಗದ ಮೇಲೆ ನಡೆದುಬರುವ ಇಲಿಯು ಆ ಬಿಲ್ಲೆಯನ್ನು ದಾಟಲಾರದು. ತೆಂಗಿನ ತೋಟದ ರೈತನೂ ಹಡಗಿನ ಕಪ್ತಾನನೂ ಒಂದೇ ಯುಕ್ತಿಯನ್ನು ಬಳಸುತ್ತಾರೆ.

ಈ ತತ್ವವನ್ನು ನಮ್ಮ ಗಾಡಿಗೆ ಅನ್ವಯಿಸೋಣ. ಮೊದಲನೆಯದು ಶುಚಿ. ಗಾಡಿಯನ್ನು ನಿಲ್ಲಿಸುವ ಮುನ್ನ ಸೀಟಿನ ಸಂದಿ, ಕಾಲಿಡುವ ಜಾಗ, ಡಿಕ್ಕಿ ಎಲ್ಲವನ್ನೂ ಗುಡಿಸಿ ತಿಂಡಿಯ ಚೂರು ಉಳಿಯದಂತೆ ಮಾಡಬೇಕು. ಹಳೆಯ ಬಟ್ಟೆ, ಕಾಗದ, ಗೋಣಿಗಳನ್ನು ಒಳಗೆ ಬಿಡಬಾರದು. ಕಸದ ಕುಂಡಿಯ ಬಳಿ, ಗಟಾರದ ಬಾಯಿಯ ಮೇಲೆ, ಕಟ್ಟಿಗೆ ಇಟ್ಟಿಗೆಗಳ ರಾಶಿಯ ಪಕ್ಕದಲ್ಲಿ ಗಾಡಿ ನಿಲ್ಲಿಸಬಾರದು. ಇಲಿಯು ಬಯಲನ್ನು ದಾಟಲು ಅಂಜುತ್ತದೆ. ಮೀಸೆಗೆ ಗೋಡೆ ತಾಗುವಂತೆ ಬುಡ ಹಿಡಿದೇ ಓಡುತ್ತದೆ. ಆದುದರಿಂದ ಗೋಡೆಗೂ ಗಾಡಿಗೂ ನಡುವೆ ಮೊಳಕ್ಕೂ ಹೆಚ್ಚು ಅಂತರವಿರುವುದು ಒಳ್ಳೆಯದು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಎರಡನೆಯದು ಚಲನೆ. ನಿಂತ ಗಾಡಿಯನ್ನು ಎರಡು ಮೂರು ದಿನಗಳಿಗೊಮ್ಮೆ ಚಾಲೂ ಮಾಡಿ ಸ್ವಲ್ಪ ಸರಿಸಿದರೆ ಗೂಡು ಕಟ್ಟುವ ಇಲಿಗೆ ನೆಮ್ಮದಿ ತಪ್ಪುತ್ತದೆ. ಊರಿಗೆ ಹೋಗುವವರು ಕೀಲಿಯನ್ನು ನೆರೆಯ ನಂಬಿಗಸ್ತರಿಗೆ ಕೊಟ್ಟು ಹೋಗುವುದು ಲೇಸು. ಭದ್ರವಾದ ಆವರಣದೊಳಗೆ ನಿಲ್ಲಿಸುವ ಮೋಟಾರಿನ ಬಾನೆಟ್ಟನ್ನು ರಾತ್ರಿ ತೆರೆದಿಡುವ ಪದ್ಧತಿಯೂ ಉಂಟು. ಬೆಳಕು ಗಾಳಿ ಆಡುವಲ್ಲಿ ಇಲಿಯು ನೆಲಸುವುದಿಲ್ಲ.

ಮೂರನೆಯದು ತಡೆ. ಉಕ್ಕಿನ ಮುಂದೆ ಇಲಿಯ ಹಲ್ಲು ಸೋಲುವುದೆಂದು ಮೇಲೆ ಹೇಳಿದೆವಷ್ಟೆ. ಗಾಡಿಯೊಳಗೆ ಗಾಳಿ ಸೆಳೆಯುವ ಕಿಂಡಿಗಳಿಗೆ ಉಕ್ಕಿನ ತಂತಿಬಲೆಯನ್ನು ಕಟ್ಟಬಹುದು. ಬಲೆಯ ಕಣ್ಣು ೬ ಮಿಲಿಮೀಟರನ್ನು ಮೀರಬಾರದು. ಚಿಕ್ಕಿಲಿಯು ಪೆನ್ಸಿಲು ತೂರುವಷ್ಟು ಸಂದಿಯಲ್ಲಿ ತೂರಬಲ್ಲುದು. ಊರಿನ ಯಂತ್ರದ ಕೊಟ್ಟಿಗೆಯಲ್ಲಿ ಬಾಗಿಲಿನ ಕೆಳಗಂಚಿಗೆ ತಗಡು ಹೊಡೆಯಬೇಕು. ಗೋಡೆಯ ತೂತುಗಳನ್ನು ಪಾತ್ರೆ ಉಜ್ಜುವ ಉಕ್ಕಿನ ನಾರಿನಿಂದ ತುಂಬಿ ಮೇಲೆ ಸಿಮೆಂಟು ಮೆತ್ತಬೇಕು. ಯಂತ್ರವಿರುವ ಕೊಟ್ಟಿಗೆಯಲ್ಲಿ ಬೀಜದ ಚೀಲ, ಹಿಂಡಿ, ಹೊಟ್ಟುಗಳನ್ನು ಇಡಲೇಬಾರದು. ಒಕ್ಕಣೆಯ ಯಂತ್ರದೊಳಗೆ ಉಳಿದ ಕಾಳು, ಬಿತ್ತುವ ಯಂತ್ರದ ಪೆಟ್ಟಿಗೆಯ ತಳದಲ್ಲಿ ಉಳಿದ ಬೀಜ, ಇವನ್ನು ಕೊನೆಯ ಕಾಳಿನವರೆಗೂ ತೆಗೆಯಬೇಕು. ಹೊಗೆಕೊಳವೆಯ ಬಾಯಿಗೂ ಬಲೆ ಕಟ್ಟಬಹುದು. ಆದರೆ ಅದಕ್ಕೊಂದು ಕೆಂಪು ಬಟ್ಟೆಯ ಗುರುತು ಕಟ್ಟಿ, ಯಂತ್ರ ಚಾಲೂ ಮಾಡುವ ಮೊದಲು ಬಿಚ್ಚುವುದನ್ನು ಮರೆಯಕೂಡದು. ತಿಂಗಳುಗಟ್ಟಲೆ ನಿಲ್ಲುವ ಯಂತ್ರದ ಬ್ಯಾಟರಿಯ ತಂತಿಯನ್ನು ಕಳಚಿಡುವುದು ಬೆಂಕಿಯ ಭಯವನ್ನು ತಪ್ಪಿಸುತ್ತದೆ.

ಪೇಟೆಯಲ್ಲಿ ಮತ್ತು ಗ್ಯಾರೇಜುಗಳಲ್ಲಿ ಕೇಳಿಬರುವ ಮದ್ದುಗಳು ಹಲವು. ಬಾನೆಟ್ಟಿನೊಳಗೆ ತಂಬಾಕಿನ ಎಲೆ ಕಟ್ಟುವವರಿದ್ದಾರೆ, ನುಸಿಗುಳಿಗೆ ಇಡುವವರಿದ್ದಾರೆ, ಪುದೀನದ ಎಣ್ಣೆ ಸಿಂಪಡಿಸುವವರಿದ್ದಾರೆ. ಹೊಸ ವಾಸನೆಗೆ ಇಲಿಯು ಕೆಲವು ದಿನ ಅಂಜುವುದು ನಿಜ. ಎಂಜಿನಿನ ಶಾಖಕ್ಕೆ ವಾಸನೆ ಹಾರಿಹೋದ ಮೇಲೆ ಅಂಜಿಕೆಯೂ ಹಾರಿಹೋಗುತ್ತದೆ. ಮನುಷ್ಯನಿಗೆ ಕೇಳಿಸದ ಶಬ್ದವನ್ನು ಮಾಡಿ ಇಲಿಯನ್ನು ಓಡಿಸುವೆವೆಂದು ಜಾಹೀರು ಮಾಡುವ ಯಂತ್ರಗಳನ್ನು ತಯಾರಿಸುವವರಿಗೆ, ನಿಮ್ಮ ಮಾತಿಗೆ ವೈಜ್ಞಾನಿಕ ಆಧಾರವಿರಬೇಕೆಂದು ಅಮೆರಿಕದ ವ್ಯಾಪಾರ ಆಯೋಗವು ೨೦೦೧ರಲ್ಲಿ ಎಚ್ಚರಿಕೆ ಬರೆಯಿತು. ಖಾರದ ಉಪಾಯವು ಇವುಗಳಿಗಿಂತ ಸ್ವಲ್ಪ ಮೇಲು. ಮೆಣಸಿನಕಾಯಿಯಲ್ಲಿ ಉರಿ ಹುಟ್ಟಿಸುವ ವಸ್ತುವು ಹಕ್ಕಿಗಳಿಗೆ ತಾಗದು, ಸಸ್ತನಿಗಳಿಗೆ ತಾಗುತ್ತದೆ; ಇಲಿಯೂ ನಮ್ಮಂತೆ ಸಸ್ತನಿಯೇ. ಆ ವಸ್ತುವನ್ನು ಲೇಪಿಸಿದ ಟೇಪನ್ನು ಜಪಾನಿನ ಹೋಂಡಾ ಸಂಸ್ಥೆಯು ತಂತಿಗೆ ಸುತ್ತಲೆಂದು ಮಾರುತ್ತದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಚೆಲ್ಲಿದರೆ ಸಾಲದೇ ಎಂದು ನೀವು ಕೇಳಬಹುದು. ಬ್ಯಾಡಗಿಯು ಬಣ್ಣಕ್ಕೆ ಹೆಸರಾದುದೇ ಹೊರತು ಖಾರಕ್ಕಲ್ಲ. ಅಲ್ಲದೆ ಚೆಲ್ಲಿದ ಪುಡಿಯು ಗಾಡಿ ಓಡುವಾಗ ಹಾರಿ ಓಡಿಸುವವನ ಕಣ್ಣಿಗೇ ಬೀಳಬಹುದು.

ಇಷ್ಟಾದರೂ ಒಳಗೆ ಬಂದ ಇಲಿಯನ್ನು ಹಿಡಿಯಲು ಬೋನೇ ಉತ್ತಮ ಸಾಧನ. ಇಲಿಯು ಮಹಾ ಸಂಶಯದ ಪ್ರಾಣಿ. ತನ್ನ ದಾರಿಯಲ್ಲಿ ಹೊಸ ವಸ್ತುವನ್ನು ಕಂಡರೆ ದಿನಗಟ್ಟಲೆ ಅದರ ಹತ್ತಿರ ಸುಳಿಯದು. ಆದುದರಿಂದ ಬೋನಿನ ಬಾಗಿಲನ್ನು ಬೀಳದಂತೆ ಕಟ್ಟಿ, ಒಳಗೆ ಕೊಬ್ಬರಿಯನ್ನೋ ಒಣಮೀನನ್ನೋ ಇಟ್ಟು, ಎರಡು ಮೂರು ರಾತ್ರಿ ಸುಮ್ಮನೆ ತಿನ್ನಲು ಬಿಡಬೇಕು. ಅಭ್ಯಾಸವಾದ ಮೇಲೆ ಬಾಗಿಲನ್ನು ಬಿಚ್ಚಿದರೆ ಅದು ಸಿಕ್ಕಿಬೀಳುತ್ತದೆ. ಬೋನನ್ನು ಗೋಡೆಯ ಬುಡಕ್ಕೆ ಹೊಂದಿಸಿ ಇಡಬೇಕು; ನಡುಕೋಣೆಯಲ್ಲಿಟ್ಟ ಬೋನಿಗೆ ಇಲಿ ಬೀಳುವುದು ಅಪರೂಪ. ಅಂಟು ಹಲಗೆಗಳನ್ನು ಬಳಸದಿರುವುದು ಲೇಸು. ಅದಕ್ಕೆ ಅಂಟಿದ ಪ್ರಾಣಿಯು ದಿನಗಟ್ಟಲೆ ನರಳಿ ಸಾಯುತ್ತದೆ. ಜಿರಲೆ ತಿನ್ನುವ ಹಲ್ಲಿಯೂ ಅದಕ್ಕೆ ಬಲಿಯಾಗುತ್ತದೆ. ಇಲಿಯನ್ನು ದೂರವಿಡಬೇಕು, ಬೇಕಾದರೆ ಕೊಲ್ಲಲೂಬೇಕು. ಹಿಂಸಿಸಬೇಕಾದ ಅಗತ್ಯ ಮಾತ್ರ ಇಲ್ಲ.

ವಿಷದ ವಿಷಯದಲ್ಲಿ ನಾವು ವಿದ್ಯಾರ್ಥಿಗಳಿಗೆ ಕಟ್ಟುನಿಟ್ಟಾಗಿ ಹೇಳುವುದಿಷ್ಟೆ: ಮುಟ್ಟಬೇಡಿರಿ. ಇಲಿಪಾಷಾಣಗಳಲ್ಲಿ ಒಂದು ಬಗೆಯದು ರಕ್ತವು ಹೆಪ್ಪುಗಟ್ಟದಂತೆ ಮಾಡುತ್ತದೆ. ಕೆಟ್ಟ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದುದರ ಕಾರಣವನ್ನು ಅಮೆರಿಕದ ವಿಜ್ಞಾನಿಗಳು ಹುಡುಕುತ್ತ ಹೋಗಿ ಈ ಬಗೆಯ ವಿಷವು ದೊರೆಯಿತು. ೧೯೪೮ರಲ್ಲಿ ಇಲಿಗಳಿಗೆಂದು ಮಾರಾಟಕ್ಕೆ ಬಂದ ಅದೇ ವಾರ್ಫರಿನ್ ಮುಂದೆ ಅಳತೆಯಿಂದ ಕೊಟ್ಟಾಗ ಹೃದ್ರೋಗಿಗಳಿಗೆ ಔಷಧವೂ ಆಯಿತು. ಈ ಬಗೆಗೆ ಚಿಕಿತ್ಸೆಯುಂಟು. ಆದರೆ ಜಿಂಕ್ ಫಾಸ್ಫೈಡ್ ಎಂಬ ಕರಿಯ ಪುಡಿಯು ಹೊಟ್ಟೆಯ ಆಮ್ಲದೊಡನೆ ಬೆರೆತು ಮಾರಕವಾದ ಅನಿಲವನ್ನು ಹುಟ್ಟಿಸುತ್ತದೆ. ಅದಕ್ಕೂ ಹಳದಿ ರಂಜಕ ಬೆರೆತ ಪೇಸ್ಟಿಗೂ ನೇರವಾದ ಪ್ರತಿವಿಷವಿಲ್ಲ. ಒಂದೇ ಖೋಲಿಯಲ್ಲಿ ಅಡುಗೆ, ಓದು, ನಿದ್ರೆ ಎಲ್ಲವೂ ನಡೆಯುವ ನಮ್ಮ ಚಾಳಿನ ಮನೆಗಳಲ್ಲಿ, ಬಿಸ್ಕತ್ತಿನಂತೆ ಕಾಣುವ ವಿಷದ ಬಿಲ್ಲೆಯು ತೆವಳುವ ಮಗುವಿನ ಕೈಗೆ ಸಿಗಲು ಎಷ್ಟು ಹೊತ್ತು ಬೇಕು? ರಿಕ್ಷಾ ಕೆಟ್ಟರೆ ರಿಪೇರಿಯಾದೀತು. ಮನೆಯಲ್ಲಿ ಯಾರಾದರೂ ವಿಷ ತಿಂದರೆಂಬ ಸಂಶಯ ಬಂದರೂ, ಬಲವಂತವಾಗಿ ವಾಂತಿ ಮಾಡಿಸದೆ, ಈಗ ಚೆನ್ನಾಗಿದ್ದಾರೆಂದು ಕಾದುಕೂರದೆ, ವಿಷದ ಪೊಟ್ಟಣವನ್ನೂ ಜೊತೆಯಲ್ಲಿ ಕೊಂಡು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ವಿಷವಿಡುವ ಕೆಲಸಕ್ಕೆ ತಿಳಿದವರಿದ್ದಾರೆ. ಮುಂಬಯಿ ನಗರಪಾಲಿಕೆಯ ಕೀಟನಾಶಕ ವಿಭಾಗವು ಇಲಿಗಳನ್ನು ನಿಯಂತ್ರಿಸುವ ಹೊಣೆ ಹೊತ್ತಿದೆ. ೧೯೧೬ ಎಂಬ ದೂರವಾಣಿಗೆ ದೂರು ಕೊಡಬಹುದು. ಈ ವಿಭಾಗದ ರಾತ್ರಿ ಕೆಲಸಗಾರರನ್ನು ನಿಮ್ಮಲ್ಲಿ ಬಹುಮಂದಿ ನೋಡಿರಲಾರಿರಿ. ನಗರವು ಮಲಗಿದ ಮೇಲೆ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ದೊಣ್ಣೆ ಹಿಡಿದು ಅವರು ಗಲ್ಲಿಗಲ್ಲಿ ತಿರುಗುತ್ತಾರೆ. ಬೆಳಕಿಗೆ ಕಣ್ಣು ಕುಕ್ಕಿ ನಿಂತ ಇಲಿಯನ್ನು ಒಂದೇ ಪೆಟ್ಟಿಗೆ ಹೊಡೆಯಬೇಕು. ಒಬ್ಬೊಬ್ಬನು ರಾತ್ರಿಗೆ ೩೦ ಇಲಿಗಳನ್ನು ಹೊಡೆದು ಲೆಕ್ಕ ಒಪ್ಪಿಸಬೇಕೆಂಬ ಕಟ್ಟಳೆ ಇದ್ದುದುಂಟು. ಅವರ ಬದುಕನ್ನು ಕುರಿತು ೨೦೧೧ರಲ್ಲಿ ಒಂದು ಸಾಕ್ಷ್ಯಚಿತ್ರವೂ ಬಂದಿದೆ. ನಾವು ಹಗಲು ಚೆಲ್ಲಿದ ಎಂಜಲಿನಿಂದ ಬೆಳೆದ ಇಲಿಯನ್ನು ಅವರು ರಾತ್ರಿ ಹೊಡೆಯುತ್ತಾರೆ. ಅವರ ಕೆಲಸವನ್ನು ಹಗುರ ಮಾಡುವುದು ನಮ್ಮ ಕೈಯಲ್ಲಿದೆ.

ಊರಿನ ಹೊಲಗಳಲ್ಲಿ ಇಲಿ ಹಿಡಿಯುವ ಕೆಲಸವನ್ನು ಕೂಲಿಯಿಲ್ಲದೆ ಮಾಡುವವರು ಇಬ್ಬರಿದ್ದಾರೆ. ಒಂದು ಗೂಬೆ, ಇನ್ನೊಂದು ಕೇರೆಹಾವು. ಗೂಬೆಯ ಕೂಗನ್ನು ಅಪಶಕುನವೆಂದು ಬಗೆದು ಓಡಿಸುವ, ವಿಷವಿಲ್ಲದ ಕೇರೆಯನ್ನು ನಾಗರವೆಂದು ಭ್ರಮಿಸಿ ಬಡಿಯುವ ರೂಢಿ ಇನ್ನೂ ಹೋಗಿಲ್ಲ. ಮಲೇಷಿಯಾದ ತಾಳೆಯ ತೋಟದವರು ಗೂಬೆಗಳಿಗೆಂದೇ ಮರದ ಪೆಟ್ಟಿಗೆಗಳನ್ನು ಕಂಬದ ಮೇಲೆ ಕಟ್ಟಿ ಅವುಗಳನ್ನು ಬರಮಾಡಿಕೊಳ್ಳುತ್ತಾರೆ. ನಾವು ಓಡಿಸುವ ಹಕ್ಕಿಯನ್ನು ಅವರು ಮನೆ ಕಟ್ಟಿ ಕರೆಯುತ್ತಾರೆ. ವಿಷ ತಿಂದು ಸತ್ತ ಇಲಿಯನ್ನು ಗೂಬೆಯು ತಿಂದರೆ ಗೂಬೆಗೂ ಕೇಡು. ವಿಷವನ್ನು ಕಡಿಮೆ ಮಾಡಲು ಇದೂ ಒಂದು ಕಾರಣ.

ಗಣೇಶ ಚತುರ್ಥಿಯ ದಿನಗಳಲ್ಲಿ ಈ ನಗರದ ಭಕ್ತರು ಮೂಷಿಕನ ಕಿವಿಯಲ್ಲಿ ತಮ್ಮ ಕೋರಿಕೆಯನ್ನು ಪಿಸುಗುಟ್ಟುವುದನ್ನು ನೀವು ಕಂಡಿದ್ದೀರಿ. ವಿಘ್ನೇಶ್ವರನು ಇಲಿಯನ್ನು ಕೊಲ್ಲಲಿಲ್ಲ. ಅದರ ಮೇಲೆ ಕುಳಿತು ಅಂಕೆಯಲ್ಲಿಟ್ಟನು. ಲೋಕದ ಇಲಿಗಳನ್ನೆಲ್ಲ ನಾಶ ಮಾಡುವುದು ಯಾರಿಂದಲೂ ಆಗುವ ಕೆಲಸವಲ್ಲ. ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟ ಗಾದೆಯವನಂತೆ ವರ್ತಿಸಬೇಕಾದುದೂ ಇಲ್ಲ. ಅದನ್ನು ಅದರ ಎಲ್ಲೆಯಲ್ಲಿಟ್ಟರೆ ಸಾಕು.

ಮಳೆ ಬಿದ್ದು ಬಿಲಗಳಿಗೆ ನೀರು ನುಗ್ಗಿದಾಗ ಇಲಿಗಳು ಒಣಜಾಗವನ್ನು ಹುಡುಕಿ ಮೇಲೇರುತ್ತವೆ. ಆದುದರಿಂದ ತೂತು ಮುಚ್ಚುವ, ಬಲೆ ಕಟ್ಟುವ ಕೆಲಸಗಳೆಲ್ಲ ಮೇ ತಿಂಗಳಲ್ಲಿಯೇ ಮುಗಿಯಬೇಕು. ಅದು ನಿಮಗೆ ರಜೆಯ ಕಾಲವೂ ಹೌದು. ಊರಿಗೆ ಹೋಗುವ ವಿದ್ಯಾರ್ಥಿಗಳು ಹೊರಡುವ ಹಿಂದಿನ ದಿನ ಗಾಡಿಯನ್ನು ತಾವೇ ಗುಡಿಸಿಕೊಡಲಿ. ಊರು ಸೇರಿದ ಮೇಲೆ ಅಜ್ಜನ ಕೊಟ್ಟಿಗೆಯ ಗೋಡೆಯಲ್ಲಿ ಎಷ್ಟು ತೂತುಗಳಿವೆಯೆಂದು ಎಣಿಸಿ ಬರೆದುಕೊಳ್ಳಲಿ. ಗೋಡೆಯ ಬುಡದಲ್ಲಿ ಜಿಡ್ಡಿನ ಕಪ್ಪುಗೆರೆ, ಕಾಳಿನಂತಹ ಹಿಕ್ಕೆ ಕಂಡರೆ ಹಿರಿಯರಿಗೆ ತೋರಿಸಲಿ. ಒಣಹಿಕ್ಕೆಯನ್ನು ಗುಡಿಸಿ ಧೂಳೆಬ್ಬಿಸಬಾರದು. ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚಿಂಗ್ ದ್ರವ ಬೆರೆಸಿ ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಚೀಲ ತೊಟ್ಟು ಒರೆಸಿ ತೆಗೆಯಬೇಕು. ಹಿಂದಿರುಗಿದ ಮೇಲೆ ತಂದೆಯವರು ಗಾಡಿಗೆ ಕೀಲಿ ಹಾಕುವ ಮೊದಲು, ಎಂಜಿನಿನ ಬಾಗಿಲು ತೆರೆದು ತಂತಿಗಳನ್ನೂ ಇಂಧನದ ನಳಿಗೆಯನ್ನೂ ಒಮ್ಮೆ ನೋಡುವಂತೆ ನೆನಪು ಮಾಡಲಿ. ಪೆಟ್ರೋಲಿನ ಅಥವಾ ಗ್ಯಾಸಿನ ವಾಸನೆ ಬಂದರೆ ಕೀಲಿ ತಿರುಗಿಸದೆ ಮೆಕ್ಯಾನಿಕನನ್ನು ಕರೆಯಲಿ. ಇವು ಹತ್ತು ನಿಮಿಷದ ಕೆಲಸಗಳು, ಚಿಕ್ಕವರೂ ಮಾಡಬಲ್ಲಂಥವು.